ಚಾಕ್‌ಪೀಸ್ ಎಂದು ಬರೆದ ಮೂರು ಪೆಟ್ಟಿಗೆಗಳು

ಜುಲೈ ೯, ಬುಧವಾರ

ಪ್ರಭಾರಿ ಮುಖ್ಯೋಪಾಧ್ಯಾಯನ ಕುರ್ಚಿಯಲ್ಲಿ ಕೂತು ಒಂದು ವರ್ಷವಾಯಿತು. ಈ ಒಂದು ವರ್ಷದಲ್ಲಿ ಅಂಕೋಲೆಯ ಕೇಣಿ ಹತ್ತಿರದ ನಮ್ಮ ಪ್ರೌಢಶಾಲೆಗೆ ಗೆದ್ದಲು ಬಂದಿದೆ, ಮಳೆನೀರು ಬಂದಿದೆ, ಎರಡು ಸಲ ನಾಗರಹಾವು ಬಂದಿದೆ. ಎಲ್ಲವನ್ನೂ ಎದುರಿಸಿದ್ದೇನೆ. ಇವತ್ತು ಬಂದದ್ದನ್ನು ನೋಡಿ ಮಾತ್ರ ಕೈಕಾಲು ಆಡಲಿಲ್ಲ.

ಕಾರವಾರದ ಕಚೇರಿಯಿಂದ ಮೂರು ದೊಡ್ಡ ಪೆಟ್ಟಿಗೆ ಬಂದಿವೆ. ದೊಡ್ಡ ತರಗತಿಯ ಹೆಣ್ಣುಮಕ್ಕಳಿಗೆ ತಿಂಗಳು ತಿಂಗಳು ಬೇಕಾಗುವ ಆ ಸಾಮಗ್ರಿ. ಅದರ ಹೆಸರನ್ನು ಇಲ್ಲಿ ಬರೆಯುವುದು ಬೇಡ. ದಿನಚರಿ ನನ್ನದೇ ಆದರೂ ಮರ್ಯಾದೆ ಅಂತ ಒಂದಿದೆ.

ಜೊತೆಗೆ ಬಂದ ಸುತ್ತೋಲೆಯನ್ನು ಬಾಗಿಲು ಹಾಕಿಕೊಂಡು ಓದಿದೆ. ಗಣ್ಯರಿಂದ ಉದ್ಘಾಟನೆಯಾದ ಮೇಲೆಯೇ ವಿತರಿಸತಕ್ಕದ್ದು. ಮಹಿಳಾ ನೋಡಲ್ ಶಿಕ್ಷಕಿಯೇ ವಿತರಿಸತಕ್ಕದ್ದು. ನಮ್ಮಲ್ಲಿದ್ದ ಶಿಕ್ಷಕಿ ಒಬ್ಬರೇ, ವಿಜ್ಞಾನದ ಅಮಿತಾ ಅಕ್ಕೋರು. ಅವರನ್ನು ಜೂನ್‌ನಲ್ಲೇ ಅರ್ಗಾದ ಶಾಲೆಗೆ ನಿಯೋಜನೆಯ ಮೇಲೆ ಕಳಿಸಿದ್ದಾರೆ. ಕಚೇರಿಗೆ ಫೋನ್ ಮಾಡಿ ಕೇಳಿದರೆ, ಮಹಿಳೆ ಇಲ್ಲದ ಕಡೆ ಮುಖ್ಯೋಪಾಧ್ಯಾಯರೇ ಮಹಿಳಾ ನೋಡಲ್ ಶಿಕ್ಷಕಿಯಾಗಿ ಕಾರ್ಯನಿರ್ವಹಿಸಬೇಕು ಎಂದರು. ಫೋನ್ ಇಟ್ಟು ಮೀಸೆ ಮುಟ್ಟಿ ನೋಡಿಕೊಂಡೆ.

ಪೆಟ್ಟಿಗೆಯ ನಾಲ್ಕೂ ಮಗ್ಗುಲಿಗೆ ನಗುವ ಹುಡುಗಿಯ ಚಿತ್ರ. ಯಾವ ಕಡೆ ತಿರುಗಿಸಿ ಇಟ್ಟರೂ ನನ್ನನ್ನೇ ನೋಡಿ ನಗುತ್ತಾಳೆ. ಕಡೆಗೆ ಹಳೆಯ ಉತ್ತರಪತ್ರಿಕೆ ಅಂಟಿಸಿ, ಮೇಲೆ ದಪ್ಪ ಅಕ್ಷರದಲ್ಲಿ ಚಾಕ್‌ಪೀಸ್ ಎಂದು ಬರೆದು, ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಕೀಲಿ ಅಂಗಿಯ ಕಿಸೆಯಲ್ಲಿದೆ. ಆಡಳಿತ ಎಂದರೆ ಸಮಯಸ್ಫೂರ್ತಿ.

ಜುಲೈ ೨೩, ಬುಧವಾರ

ಹತ್ತನೆಯ ತರಗತಿಯ ಮಾನಸಾಳ ಹಾಜರಿ ನೋಡಿ ಬೇಸರವಾಯಿತು. ಕೇಣಿಯಲ್ಲಿ ಮೀನು ಮಾರುವ ಬೇಬಿಯ ಮಗಳು. ನಾನು ಮೂವತ್ತು ವರ್ಷದಲ್ಲಿ ಲೆಕ್ಕ ಕಲಿಸಿದ ಮಕ್ಕಳಲ್ಲಿ ಇಂಥ ತಲೆ ನಾಲ್ಕು ಕಂಡಿರಬಹುದು. ನಾನು ಕಪ್ಪು ಹಲಗೆಯ ಮೇಲೆ ಅರ್ಧ ಬರೆಯುವಷ್ಟರಲ್ಲಿ ಅವಳ ಉತ್ತರ ಮುಗಿದಿರುತ್ತದೆ. ಆದರೆ ಪ್ರತಿ ತಿಂಗಳೂ ಆರೇಳು ದಿನ ನಾಪತ್ತೆ. ಹಾಜರಿ ನೂರಕ್ಕೆ ಅರವತ್ತಾರು. ಎಪ್ಪತ್ತೈದು ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ಪರೀಕ್ಷೆ ಇಲ್ಲವಾದರೆ ಅವಳನ್ನು ಮೀನು ಒಣಗಿಸುವ ಕೆಲಸಕ್ಕೆ ಹಚ್ಚುವುದಾಗಿ ಅಜ್ಜಿ ಹೊನ್ನಮ್ಮ ಈಗಾಗಲೇ ಹೇಳಿಟ್ಟಿದ್ದಾಳಂತೆ.

ಕರೆದು ಕಾರಣ ಕೇಳಿದೆ. ನೆಲ ನೋಡಿಕೊಂಡು ಹೊಟ್ಟೆನೋವು ಅಂದಳು. ಸಂಜೆ ಹೊತ್ತು ಗಾಡಿಯ ಗೋಬಿ ಮಂಚೂರಿ ತಿನ್ನುವುದರ ದುಷ್ಪರಿಣಾಮದ ಬಗ್ಗೆ ಇಪ್ಪತ್ತು ನಿಮಿಷ ತಿಳಿಹೇಳಿದೆ. ಶ್ರದ್ಧೆಯಿಂದ ಕೇಳಿಸಿಕೊಂಡಳು. ಹೋಗುವಾಗ ಶೌಚಾಲಯದ ಕೀಲಿ ಸಿಗಬಹುದೇ ಎಂದು ಕೇಳಿದಳು. ಕೊಡಲಿಲ್ಲ. ಹುಡುಗಿಯರ ಶೌಚಾಲಯಕ್ಕೆ ಒಳಗಿನ ಚಿಲಕವಿಲ್ಲ, ನೀರೂ ಇಲ್ಲ. ಆದ್ದರಿಂದ ಬೀಗ ಹಾಕಿಟ್ಟಿದ್ದೇವೆ. ಕಳೆದ ವರ್ಷ ತಾಲೂಕಿನ ಅತಿ ಸ್ವಚ್ಛ ಶೌಚಾಲಯ ಎಂಬ ಪ್ರಶಸ್ತಿ ಅದಕ್ಕೇ ಬಂದದ್ದು. ಬಳಸಲು ಬಿಟ್ಟರೆ ಪ್ರಶಸ್ತಿ ಉಳಿಯುತ್ತದೆಯೇ?

ಮನೆಯಲ್ಲಿ ಜಯಶ್ರೀಗೆ ಹೇಳಿದೆ, ಇಂಥ ಬುದ್ಧಿವಂತ ಹುಡುಗಿ ಹಾಳಾಗುತ್ತಿದ್ದಾಳೆ ಎಂದು. ನನ್ನ ಹೆಂಡತಿ ಎದ್ದು ಒಲೆಯ ಕಡೆ ಹೋದಳು. ಅವಳಿಗೆ ಲೆಕ್ಕವೆಂದರೆ ದೂರ. ಹತ್ತನೆಯ ತರಗತಿಯಲ್ಲಿ ಲೆಕ್ಕದ ಪರೀಕ್ಷೆಗೆ ಹೆದರಿ ಶಾಲೆಯನ್ನೇ ಬಿಟ್ಟವಳು. ಮನೆಗೆ ಬಂದವರಿಗೆಲ್ಲ ನಾನಿದನ್ನು ತಮಾಷೆಗೆ ಹೇಳುವುದುಂಟು. ಲೆಕ್ಕದ ಮಾಸ್ತರನ ಹೆಂಡತಿ ನೋಡಿ, ಎಂದು.

ಆಗಸ್ಟ್ ೨೧, ಗುರುವಾರ

ಕಾರವಾರದಲ್ಲಿ ನೋಡಲ್ ಶಿಕ್ಷಕಿಯರ ತರಬೇತಿ. ಸಭಾಂಗಣದಲ್ಲಿ ನಾವು ಮೂವತ್ತೊಂಬತ್ತು ಗಂಡಸರು, ಇಬ್ಬರು ಹೆಂಗಸರು. ಆ ಇಬ್ಬರಲ್ಲಿ ಒಬ್ಬರು ಚಹಾ ತಂದವರು. ತರಬೇತಿ ಕೊಟ್ಟವರು ಬಹಳ ಸಭ್ಯರು. ಪರದೆಯ ಮೇಲೆ ಕಮಲದ ಹೂವು, ಚಂದ್ರ, ಸಮುದ್ರದ ಅಲೆ ತೋರಿಸಿದರು. ಮೂರು ತಾಸು ಮಾತಾಡಿದರೂ ವಿಷಯ ಯಾವುದೆಂದು ಒಮ್ಮೆಯೂ ಬಾಯಿಬಿಡಲಿಲ್ಲ. ನನ್ನ ಪಕ್ಕದ ಮಾಸ್ತರರು ಇದು ಮೀನುಗಾರಿಕೆ ಇಲಾಖೆಯ ತರಬೇತಿ ಎಂದೇ ತಿಳಿದು ಮುಗಿಯುವವರೆಗೆ ಟಿಪ್ಪಣಿ ಮಾಡಿಕೊಂಡರು.

ಊಟಕ್ಕೆ ಇಸವಣ ಮೀನಿನ ಸಾರು ಚೆನ್ನಾಗಿತ್ತು. ಕಚೇರಿಯ ಸಾಹೇಬರನ್ನು ಕಂಡು ಉದ್ಘಾಟನೆಯ ದಿನಾಂಕ ಕೇಳಿದೆ. ಗಣ್ಯರ ಬಿಡುವು ನೋಡಿ ತಿಳಿಸುತ್ತೇವೆ, ಅಲ್ಲಿಯವರೆಗೆ ಒಂದು ತುಂಡೂ ಆಚೀಚೆ ಆಗಬಾರದು ಎಂದರು. ಕಿಸೆಯಲ್ಲಿದ್ದ ಕೀಲಿಯನ್ನು ತೋರಿಸಿದೆ. ಮೆಚ್ಚಿಕೊಂಡರು.

ಸೆಪ್ಟೆಂಬರ್ ೨೦, ಶನಿವಾರ

ಉದ್ಘಾಟನೆಯ ಮೊದಲು ಬೇಡಿಕೆ ಎಷ್ಟಿದೆ ಎಂದು ವರದಿ ಕೇಳಿದ್ದಾರೆ. ನಾನೇ ಕೂತು ಒಂದು ರಿಜಿಸ್ಟರ್ ಗೆರೆ ಹಾಕಿದೆ. ಹೆಸರು, ತರಗತಿ, ದಿನಾಂಕ, ಕಾರಣ, ಪಾಲಕರ ಸಹಿ, ಮುಖ್ಯೋಪಾಧ್ಯಾಯರ ಸಹಿ. ಕಾರಣದ ಅಂಕಣವನ್ನು ತುಸು ಅಗಲವಾಗಿಯೇ ಬಿಟ್ಟಿದ್ದೇನೆ, ವಿವರವಾಗಿ ಬರೆಯಲಿ ಎಂದು.

ಸೋಮವಾರ ಬೆಳಗಿನ ಪ್ರಾರ್ಥನೆಯಲ್ಲಿ ಪ್ರಕಟಿಸಿದೆ. ಸರ್ಕಾರದಿಂದ ಬಂದ ಸಾಮಗ್ರಿ ಯಾರಿಗೆ ಅಗತ್ಯವಿದೆಯೋ ಅವರು ತಂದೆಯ ಸಹಿಯೊಂದಿಗೆ ನನ್ನ ಕೋಣೆಗೆ ಬಂದು ಹೆಸರು ಬರೆಸಬೇಕು, ಎಂದೆ. ಹುಡುಗರು ಯಾವ ಸಾಮಗ್ರಿ ಎಂದು ಕೇಳಿದರು. ಹೇಳಲಿಲ್ಲ. ಹುಡುಗಿಯರು ಏನೂ ಕೇಳಲಿಲ್ಲ. ನಾಲ್ಕು ದಿನ ಕಾದೆ. ಒಬ್ಬಳೂ ಬರಲಿಲ್ಲ.

ಬೇಡಿಕೆ ಶೂನ್ಯ ಎಂದು ವರದಿ ಕಳಿಸಿದೆ. ಇಡೀ ತಾಲೂಕಿನಲ್ಲಿ ಇಷ್ಟು ಸ್ಪಷ್ಟವಾದ ವರದಿ ಇನ್ನೊಂದಿಲ್ಲ ಎಂದು ಸಾಹೇಬರು ಫೋನಿನಲ್ಲಿ ಹೇಳಿದರು. ಮಾನಸಾ ಈ ವಾರ ಪೂರ್ತಿ ಗೈರು.

ನವೆಂಬರ್ ೩, ಸೋಮವಾರ

ಪರೀಕ್ಷೆಯ ಕಾಗದಗಳನ್ನು ಇಡಲು ಕಪಾಟು ಬೇಕಾಯಿತು. ಪೆಟ್ಟಿಗೆಗಳನ್ನು ಬಿಸಿಯೂಟದ ಅಡುಗೆಕೋಣೆಯ ಉಗ್ರಾಣಕ್ಕೆ ಸಾಗಿಸಿದೆ. ಅಡುಗೆಯ ನಾಗಮ್ಮನಿಗೆ, ಇದು ಚಾಕ್‌ಪೀಸ್, ತೇವ ತಾಗದಂತೆ ನೋಡಿಕೊ ಎಂದೆ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಕಾಗದ ಕಿತ್ತುಹೋಗಿ, ನಗುವ ಹುಡುಗಿಯ ಒಂದು ಕಣ್ಣು ಕಾಣುತ್ತಿತ್ತು. ನಾಗಮ್ಮ ಆ ಕಣ್ಣನ್ನೂ ನನ್ನನ್ನೂ ಒಂದು ಗಳಿಗೆ ನೋಡಿದಳು. ಆಯ್ತು ಸರ್, ಚಾಕ್‌ಪೀಸ್ ಅಂದಳು. ಓದು ಬರೆಹ ಬಾರದವಳಾದರೂ ಹೇಳಿದ ಮಾತು ಕೇಳುವವಳು.

ನವೆಂಬರ್ ೨೯, ಶನಿವಾರ

ತಿಂಗಳ ಹಾಜರಿ ಕೂಡಿಸಿ ನೋಡಿ ಖುಷಿಯಾಯಿತು. ಮಾನಸಾ ಒಂದು ದಿನವೂ ತಪ್ಪಿಸಿಲ್ಲ. ಗೋಬಿಯ ಬಗ್ಗೆ ನಾನು ಹೇಳಿದ ಮಾತು ಕಡೆಗೂ ನಾಟಿದೆ. ಅವಳೊಬ್ಬಳೇ ಅಲ್ಲ, ಒಂಬತ್ತು ಮತ್ತು ಹತ್ತನೆಯ ತರಗತಿಯ ಹುಡುಗಿಯರೆಲ್ಲರ ಹಾಜರಿಯೂ ಏರಿದೆ. ಒಬ್ಬ ಶಿಕ್ಷಕನ ಒಂದು ಮಾತಿಗೆ ಎಷ್ಟು ಶಕ್ತಿ.

ಇನ್ನೂ ಒಂದು ಬದಲಾವಣೆ. ಹುಡುಗಿಯರಲ್ಲಿ ಸೇವಾಭಾವ ಬಂದಿದೆ. ನಾಗಮ್ಮನಿಗೆ ಪಾತ್ರೆ ತೊಳೆದುಕೊಡುತ್ತೇವೆ ಎಂದು ಒಬ್ಬೊಬ್ಬರೇ ಅಡುಗೆಕೋಣೆಗೆ ಹೋಗುತ್ತಾರೆ. ಎರಡು ನಿಮಿಷಕ್ಕೆ ತಿರುಗಿ ಬರುತ್ತಾರೆ. ಪಾತ್ರೆಗಳು ಹಾಗೇ ಇರುತ್ತವೆ, ಆದರೂ ಮನಸ್ಸು ಮುಖ್ಯ.

ಸ್ವಚ್ಛ ಮಾಡುತ್ತೇನೆ ಎಂದು ನಾಗಮ್ಮ ತೆಗೆದುಕೊಂಡು ಹೋದ ಶೌಚಾಲಯದ ಕೀಲಿ ತಿರುಗಿ ಬಂದಿಲ್ಲ. ಇವತ್ತು ಹೋಗಿ ನೋಡಿದರೆ ಒಳಗೆ ತುಂಬಿದ ಎರಡು ಕೊಡ ನೀರು. ಬಾಗಿಲಿಗೆ ಹಿತ್ತಾಳೆಯ ಹೊಸ ಚಿಲಕ, ದೋಣಿಗೆ ಹಾಕುವಂಥದ್ದು. ಈ ಚಿಲಕಕ್ಕಾಗಿ ನಾನು ಒಂದು ವರ್ಷದಿಂದ ಇಲಾಖೆಗೆ ಪತ್ರ ಬರೆಯುತ್ತಿದ್ದೇನೆ. ಮಂಜೂರಾತಿ ಇಲ್ಲದೆ ಯಾರು ಹಾಕಿದರೋ. ವಿಚಾರಿಸಬೇಕು.

ಡಿಸೆಂಬರ್ ೧೮, ಗುರುವಾರ

ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಮಾನಸಾಳ ತಾಯಿ ಬೇಬಿ ಬಂದಳು. ಅಂಕೋಲೆ ಪೇಟೆಗೆ ಹೋಗುವ ದಾರಿ. ಬುಟ್ಟಿಯನ್ನು ಹೊರಗೆ ಕಟ್ಟೆಯ ಮೇಲಿಟ್ಟು, ಬಾಳೆಲೆಯಲ್ಲಿ ಕಟ್ಟಿದ ಬಂಗಡೆಯನ್ನು ನನ್ನ ಮೇಜಿನ ಮೇಲಿಟ್ಟಳು. ಹಾಜರಿ ಪುಸ್ತಕದ ಮೇಲೆಯೇ ಇಟ್ಟಳು. ಎಂತಕ್ಕೆ ಇದು ಎಂದೆ.

“ಮಾಸ್ತರೇ, ಆ ಪೆಟ್ಟಿಗೆ ನಿಮ್ಮ ಕೋಣೆಯಿಂದ ಅಡುಗೆಕೋಣೆಗೆ ಹಾಕಿದ್ರಲ್ಲ, ಚೊಲೋ ಮಾಡಿದ್ರಿ. ಗಂಡಸರ ಕೂಡೆ ಹೋಗಿ ಕೇಳೂಕೆ ಆಗ್ತದಾ ಹೆಣ್ಣುಮಕ್ಕಳಿಗೆ? ನಾಗಮ್ಮ ಆದ್ರೆ ಕೇಳೂದೇ ಬ್ಯಾಡ, ಮುಖ ನೋಡಿ ಕೊಡ್ತಾಳೆ. ನಮ್ಮನೆ ಹುಡುಗಿ ಮೊದಲು ತಿಂಗಳಿಗೆ ಆರು ದಿನ ಹಿಂದಿನ ಜಗಲಿ ಮೇಲೆ ಕೂತು ಗೋಡೆ ಮೇಲೆ ಇದ್ದಲಲ್ಲಿ ಲೆಕ್ಕ ಬರೀತಾ ಇತ್ತು.”

ಚಿಲಕ ಹಾಕಿದ್ದು ಅವಳ ಮೈದುನ ಸೋಮು ಎಂದೂ ಹೇಳಿದಳು. ದೋಣಿಯದು ಒಂದು ಹೆಚ್ಚಿಗೆ ಇತ್ತಂತೆ.

ಉಗ್ರಾಣಕ್ಕೆ ಓಡಿದೆ. ಎರಡು ಪೆಟ್ಟಿಗೆ ಖಾಲಿ. ಮೂರನೆಯದರಲ್ಲಿ ಅರ್ಧ. ಉದ್ಘಾಟನೆಯಾಗದ ಸರ್ಕಾರಿ ಸ್ವತ್ತು. ನಾಗಮ್ಮ ಅನ್ನ ಬಸಿಯುತ್ತಿದ್ದಳು. ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಚಾಕ್‌ಪೀಸ್ ಕದ್ದರೆ ತಪ್ಪು ಸರ್, ನಾನು ಚಾಕ್‌ಪೀಸ್ ಒಂದೂ ಮುಟ್ಟಲಿಲ್ಲ ಅಂದಳು. ಕೋಣೆಗೆ ಬಂದು ಸಾಹೇಬರಿಗೆ ದೂರು ಬರೆದೆ. ಅಡುಗೆಯವಳನ್ನು ಕೂಡಲೇ ಕೆಲಸದಿಂದ ತೆಗೆಯಬೇಕು, ಉಳಿದ ದಾಸ್ತಾನಿಗೆ ಮೊಹರು ಹಾಕಬೇಕು, ಎಂದು ಒಂದೂವರೆ ಪುಟ.

ಸಂಜೆ ಬಾಳೆಗುಳಿಯ ಮನೆಗೆ ಬಂದು ಜಯಶ್ರೀಗೆ ಓದಿ ಹೇಳಿದೆ. ಅವಳು ಬಂಗಡೆ ಹೆಚ್ಚುತ್ತಿದ್ದಳು. ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ನಾನು ಹತ್ತನೇ ಎಂತಕ್ಕೆ ಬಿಟ್ಟೆ ಹೇಳಿ ನೀವು ಒಂದು ದಿನ ಕೇಳಿದ್ರಾ? ಲೆಕ್ಕದ ಪರೀಕ್ಷೆ ದಿನ ಬೆಳಿಗ್ಗೆ ಮುಟ್ಟಾದೆ. ಬಟ್ಟೆ ನಿಲ್ಲೂದಿಲ್ಲ, ಮೂರು ತಾಸು ಬೆಂಚಿನ ಮೇಲೆ ಹ್ಯಾಂಗೆ ಕೂರ್ತೆ ಹೇಳಿ ಅಮ್ಮ ಕಳಿಸ್ಲಿಲ್ಲ. ಕೊಟ್ಟಿಗೆ ಬದಿಗೆ ಕೂತ್ಕಂಡು ಗಂಟೆ ನೋಡ್ತಾ ಇದ್ದೆ. ನೀವು ಇಪ್ಪತ್ತಾರು ವರ್ಷದಿಂದ ಬಂದವರ ಎದುರಿಗೆಲ್ಲ, ಇವಳಿಗೆ ಲೆಕ್ಕ ಬರೂದಿಲ್ಲ ಹೇಳ್ತಾ ಇದ್ರಿ. ಹೇಳ್ಲಿ ಬಿಡು ಅಂತ ಸುಮ್ಮನಿದ್ದೆ.”

ಬಂಗಡೆ ಸಾರು ಮಾಡಿದ್ದಳು. ನನಗೆ ಊಟ ಸೇರಲಿಲ್ಲ. ತುಂಬ ನಾಚಿಕೆಯಾಗಿದೆ. ನಾಳೆ ದೂರನ್ನು ಅಂಚೆಗೆ ಹಾಕಬೇಕು.

ಡಿಸೆಂಬರ್ ೧೯

ಅಂಚೆಗೆ ಹಾಕಲಿಲ್ಲ. ಲಕೋಟೆ ಇರಲಿಲ್ಲ.

ಡಿಸೆಂಬರ್ ೨೦

ಲಕೋಟೆ ಇತ್ತು. ಅಂಟು ಇರಲಿಲ್ಲ.

ಡಿಸೆಂಬರ್ ೨೨

ಮಾನಸಾಳ ಹಾಜರಿ ಎಪ್ಪತ್ತೈದಕ್ಕೆ ಬಂದು ಮುಟ್ಟಿದೆ. ಇನ್ನೆರಡು ತಿಂಗಳು ಇದೇ ರೀತಿ ಬಂದರೆ ಪರೀಕ್ಷೆಗೆ ಕೂರುತ್ತಾಳೆ. ಉಗ್ರಾಣಕ್ಕೆ ಮೊಹರು ಬಿದ್ದರೆ ಮತ್ತೆ ಜಗಲಿ, ಇದ್ದಲು. ದೂರಿನಲ್ಲಿ ಒಂದು ಕಾಗುಣಿತದ ತಪ್ಪು ಕಂಡಿತು. ತಪ್ಪಿರುವ ಪತ್ರವನ್ನು ಮೇಲಿನವರಿಗೆ ಕಳಿಸುವುದು ಸರಿಯಲ್ಲ. ಹರಿದು ಹಾಕಿದೆ.

ಜನವರಿ ೧೩, ಮಂಗಳವಾರ

ಏಳನೆಯ ತಿಂಗಳಿಗೆ ಉದ್ಘಾಟನೆಯ ದಿನಾಂಕ ಹುಟ್ಟಿದೆ. ಇದೇ ಇಪ್ಪತ್ತೆರಡಕ್ಕೆ ಸಾಹೇಬರು ಗಣ್ಯರೊಂದಿಗೆ ಬರುತ್ತಾರೆ. ಪೆಟ್ಟಿಗೆಗೆ ರಿಬ್ಬನ್ ಕಟ್ಟಿ ವೇದಿಕೆಯ ಮೇಲೆ ಇಡಬೇಕು.

ಉಳಿದದ್ದು ಹತ್ತು ಪ್ಯಾಕೆಟ್. ನಾಗಮ್ಮನ ಜೊತೆ ಕೂತು ಯೋಚಿಸಿದೆ. ಸಾಹೇಬರು ರಿಬ್ಬನ್ ಕತ್ತರಿಸುತ್ತಾರೆ, ಒಳಗೆ ಕೈ ಹಾಕುವ ಪೈಕಿ ಅಲ್ಲ. ಆದ್ದರಿಂದ ಒಂದು ಪೆಟ್ಟಿಗೆಯಲ್ಲಿ ನಿಜವಾದ ಚಾಕ್‌ಪೀಸ್ ತುಂಬಿ, ಮೇಲೆ ಆ ಹತ್ತನ್ನು ಹರಡುವುದು. ಚಾಕ್‌ಪೀಸ್ ಎಂದು ಬರೆದ ಕಾಗದವನ್ನು ನಾನೇ ನೀರು ಹಚ್ಚಿ ಕೆರೆದು ತೆಗೆದೆ. ನಗುವ ಹುಡುಗಿ ಮತ್ತೆ ಹೊರಗೆ ಬಂದಳು. ಚಾಕ್‌ಪೀಸ್ ಇಲ್ಲದಾಗ ಚಾಕ್‌ಪೀಸ್ ಎಂದು ಬರೆದಿತ್ತು, ಈಗ ಇರುವಾಗ ಅಳಿಸಬೇಕಾಯಿತು. ಸರ್ಕಾರಿ ಕೆಲಸದಲ್ಲಿ ಇಂಥದ್ದು ಇದ್ದದ್ದೇ.

ಜನವರಿ ೨೨, ಗುರುವಾರ

ಕಾರ್ಯಕ್ರಮ ಮುಗಿಯಿತು. ನಾನೂ ಮುಗಿದೆ ಎಂದು ತೋರುತ್ತದೆ.

ರಿಬ್ಬನ್ ಕತ್ತರಿಸುವವರೆಗೆ ಎಲ್ಲ ಸರಿಯಿತ್ತು. ಫೋಟೋದವನು ಪೆಟ್ಟಿಗೆ ಎತ್ತಿ ಹಿಡಿಯಿರಿ ಸರ್ ಎಂದ. ಸಾಹೇಬರು ಹತ್ತಿ ತುಂಬಿದ ಪೆಟ್ಟಿಗೆ ಎಂದುಕೊಂಡು ಒಂದೇ ಸಲಕ್ಕೆ ಎತ್ತಿದರು. ತಳ ಬಿಚ್ಚಿಕೊಂಡಿತು. ಅವರ ಬೂಟಿನ ಮೇಲೆ, ಗಣ್ಯರ ಬಿಳಿ ಪಂಚೆಯ ಮೇಲೆ, ನಾನೂರು ಚಾಕ್‌ಪೀಸ್. ಒಂದು ಉರುಳಿಕೊಂಡು ಮೆಟ್ಟಿಲಿಳಿದು ಹುಡುಗರ ಸಾಲಿನವರೆಗೆ ಹೋಯಿತು. ಯಾರೂ ನಗಲಿಲ್ಲ. ನಗಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ.

ಸಾಹೇಬರು ಸಾಮಗ್ರಿ ಎಲ್ಲಿ ಎಂದು ಕೇಳಿದರು. ಅಡುಗೆಕೋಣೆಯ ಬಾಗಿಲಿನಿಂದ ನಾಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ವೇದಿಕೆಯ ಕಡೆ ನಡೆದು ಬರುವುದು ಕಂಡಿತು. ಹೇಳಿಬಿಡುತ್ತಾಳೆ, ಇವತ್ತೇ ಅವಳ ಕೆಲಸ ಹೋಗುತ್ತದೆ ಎನ್ನಿಸಿತು. ಅವಳು ಬಂದು ಮುಟ್ಟುವ ಮೊದಲು ನಾನೇ ಮಾತಾಡಿದೆ.

“ಮುಗಿದಿದೆ ಸರ್. ನೀವು ಬರೂಕೆ ಏಳು ತಿಂಗಳಾಯ್ತು. ಮಕ್ಕಳಿಗೆ ಪ್ರತಿ ತಿಂಗಳೂ ಮುಟ್ಟಾಗ್ತದೆ, ಅದು ಉದ್ಘಾಟನೆಗೆ ಕಾಯೂದಿಲ್ಲ. ನಾನೇ ಕೊಟ್ಟೆ.”

ಧ್ವನಿವರ್ಧಕ ಬಂದ್ ಮಾಡಿರಲಿಲ್ಲ. ಹೆದ್ದಾರಿಯವರೆಗೆ ಕೇಳಿತಂತೆ. ಇಡೀ ಅಂಗಳ ನನ್ನನ್ನೇ ನೋಡುತ್ತಿತ್ತು. ಯಾಕೆ ನೋಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ನಾನೇ ಕೊಟ್ಟೆ ಎಂಬುದು ಸುಳ್ಳು. ಮೂವತ್ತು ವರ್ಷದ ಸೇವೆಯಲ್ಲಿ ಮಕ್ಕಳ ಎದುರು ಹೇಳಿದ ಮೊದಲ ಸುಳ್ಳು. ಆ ಒಂದು ಪದ ಹೇಗೆ ಬಾಯಿಂದ ಬಂತೋ ಎಂದು ಯೋಚಿಸುತ್ತಲೇ ಇದ್ದೇನೆ. ನಾನೇ. ನಾಗಮ್ಮ ಎನ್ನಬೇಕಿತ್ತು.

ಫೆಬ್ರವರಿ ೧೦, ಮಂಗಳವಾರ

ನೋಟಿಸು ಬಂದಿದೆ. ಉದ್ಘಾಟನೆಗೆ ಮುನ್ನ ವಿತರಿಸಿದ್ದು, ರಿಜಿಸ್ಟರಿನಲ್ಲಿ ಕಾರಣ ನಮೂದಿಸದೆ ವಿತರಿಸಿದ್ದು, ಗಣ್ಯರ ಪಂಚೆ. ಮೂರು ಆರೋಪ. ಈ ತಿಂಗಳ ಕೊನೆಗೆ ಪ್ರಭಾರ ಬಿಟ್ಟುಕೊಡಬೇಕು. ಅದಕ್ಕೆ ಮೊದಲು ಪ್ರತಿಯೊಂದು ಪ್ಯಾಕೆಟ್ಟಿಗೂ ಕಾರಣ ಬರೆದು ರಿಜಿಸ್ಟರ್ ಪೂರ್ಣಗೊಳಿಸಿ ಒಪ್ಪಿಸಬೇಕು.

ರಿಜಿಸ್ಟರ್ ತೆಗೆದೆ. ಕಾರಣದ ಅಂಕಣವನ್ನು ಇಷ್ಟು ಅಗಲ ಬಿಟ್ಟ ಬುದ್ಧಿವಂತ ಯಾರೋ. ಮೊದಲ ಸಾಲಿನಲ್ಲಿ ಮುಟ್ಟು ಎಂದು ಬರೆದೆ. ಕೆಳಗೆ ಹನ್ನೊಂದು ಪುಟ, ಕೊನೆಯವರೆಗೂ, ಸದರಿ ಸದರಿ ಸದರಿ. ಹೆಸರಿನ ಅಂಕಣ ಖಾಲಿ ಬಿಟ್ಟೆ. ಪಾಲಕರ ಸಹಿಯ ಜಾಗದಲ್ಲೆಲ್ಲ ನನ್ನ ಸಹಿ ಹಾಕಿದೆ.

ಬರುವಾಗ ಬಾಳೆಗುಳಿಯಲ್ಲಿ ಇಳಿದು ಪೇಟೆಯ ಕೆಲಸ ಮುಗಿಸಿದೆ. ಉದ್ದಿನಬೇಳೆ, ಸಾಬೂನು, ಶಾಲೆಗೆ ಆರು ಪ್ಯಾಕೆಟ್ ಪ್ಯಾಡ್, ನನಗೆ ಮೂಲವ್ಯಾಧಿಯ ಮುಲಾಮು. ಮುಲಾಮನ್ನು ಮಾತ್ರ ಕಾಗದದಲ್ಲಿ ಸುತ್ತಿಕೊಡಲು ಹೇಳಿದೆ. ಅಂಗಡಿಯಲ್ಲಿ ಪರಿಚಯದವರಿದ್ದರು.

ಫೆಬ್ರವರಿ ೨೭, ಶುಕ್ರವಾರ

ಪ್ರಭಾರದ ಕೊನೆಯ ಕೆಲಸ, ಪರೀಕ್ಷೆಯ ಪ್ರವೇಶಪತ್ರಗಳಿಗೆ ಸಹಿ. ಮಾನಸಾಳದ್ದಕ್ಕೆ ಎಲ್ಲರದ್ದಕ್ಕಿಂತ ಮೊದಲು ಹಾಕಿದೆ. ಹಾಜರಿ ನೂರಕ್ಕೆ ಎಂಬತ್ತರ ಹತ್ತಿರ. ಅಮಿತಾ ಅಕ್ಕೋರು ಅರ್ಗಾದಿಂದ ತಿರುಗಿ ಬಂದು ನನ್ನ ಕುರ್ಚಿಯಲ್ಲಿ ಕೂತಿದ್ದಾರೆ. ಕಪಾಟಿನ ಕೀಲಿ ಕೇಳಿದರು. ಎಲ್ಲಾ ಕಿಸೆ ಹುಡುಕಿದೆ, ಸಿಗಲಿಲ್ಲ. ಎಂದಿನಿಂದ ಇಲ್ಲವೋ ನೆನಪಿಲ್ಲ. ಕಪಾಟಿಗೆ ಈಚೆಗೆ ಕೀಲಿಯೇ ಹಾಕಿದಂತಿಲ್ಲ.

ಮಾರ್ಚ್ ೨೩, ಸೋಮವಾರ

ಲೆಕ್ಕದ ಪರೀಕ್ಷೆ. ಅಂಕೋಲೆಯ ಕೇಂದ್ರಕ್ಕೆ ಮಕ್ಕಳ ಜೊತೆ ಹೋಗಿದ್ದೆ. ಬಿಸಿಲು ಬಹಳ. ಗಂಟೆ ಹೊಡೆಯಲು ಕಾಲು ತಾಸು ಇರುವಾಗ ಮಾನಸಾ ಗೇಟಿನಿಂದ ತಿರುಗಿ ಓಡಿ ಬಂದಳು.

“ಸರ್, ಮುಟ್ಟಾಯ್ತು. ಉಂಟಾ?”

ಚೀಲದಲ್ಲಿ ಕೊಡೆಯ ಕೆಳಗಿತ್ತು. ತೆಗೆದು ಕೊಟ್ಟೆ, ಹೋಗಿ ಕೈ ತೊಳೆದು ಒಳಗೆ ಹೋಗು, ಕೊನೆಯ ಪ್ರಶ್ನೆಯನ್ನು ಮೊದಲು ಓದು ಎಂದೆ. ಹೋದಳು. ಅಕ್ಕಪಕ್ಕದಲ್ಲಿ ಜನ ಇದ್ದರೋ ಏನೋ, ನೋಡಲಿಲ್ಲ. ನನಗೆ ಕೊನೆಯ ಪ್ರಶ್ನೆಯದೇ ಚಿಂತೆ.

ಮೂರು ತಾಸಿನ ಮೇಲೆ ನಗುತ್ತ ಬಂದಳು. ಒಂದೂ ಬಿಟ್ಟಿಲ್ಲ ಎಂದು ಪ್ರಶ್ನೆಪತ್ರಿಕೆಯನ್ನು ನನ್ನ ಕೈಗಿಟ್ಟಳು. ಬೇಬಿ ಬುಟ್ಟಿ ಇಳಿಸಿ ಗೇಟಿನ ಹೊರಗೆ ಕಾದಿದ್ದಳು. ಮೀನು ಆಗಲೇ ವಾಸನೆ ಬಿಡತೊಡಗಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ.

ಮನೆಗೆ ಬಂದು ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ. ತಿರುಗಿ ಬಂದಾಗ ಜಯಶ್ರೀ ಅದನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಹಾಲಿನ ಲೆಕ್ಕದ ಪೆನ್ಸಿಲು, ಹಳೆಯ ಕ್ಯಾಲೆಂಡರಿನ ಬೆನ್ನು. ಚಹಾ ಕೇಳಲಿಲ್ಲ, ನಾನೇ ಮಾಡಿಕೊಂಡೆ. ಅವಳಿಗೂ ಒಂದು ಲೋಟ ಪಕ್ಕದಲ್ಲಿಟ್ಟೆ. ತಲೆ ಎತ್ತಲಿಲ್ಲ.

ಒಂದು ತಾಸಿನ ಮೇಲೆ ಕ್ಯಾಲೆಂಡರನ್ನು ನನ್ನ ಮುಂದೆ ಹಿಡಿದಳು. ಮೂರು ಲೆಕ್ಕ ಮಾಡಿದ್ದಳು. ಕೆಂಪು ಪೆನ್ನು ತೆಗೆದು ನೋಡಿದೆ, ಎರಡು ಸಲ ನೋಡಿದೆ. ಮೂರೂ ಸರಿ.

ನಾಳಿದ್ದು ನೆಂಟರು ಬರುವವರಿದ್ದಾರೆ. ಅವರಿಗೆ ಏನು ಹೇಳುವುದು ಎಂದು ಯೋಚಿಸಬೇಕು.